ಕೊನೆಯಲ್ಲಿ ಎಫ್ ಇಲ್ಲದ್ದು

ತಮ್ಮ ವಕಾರನ ಸ್ಕೂಟರಿನ ಹಿಂದೆ ಕೂತು ಕಮ್ಮನಹಳ್ಳಿಗೆ ಹೋಗುತ್ತಿದ್ದ ಹಬೀಬನಿಗೆ ಎದುರಿನ ಬೆನ್ನು ಏನೋ ಮಾತಾಡುತ್ತಿದೆ ಎಂಬುದು ಗೊತ್ತಾಗುತ್ತಿತ್ತು. ಮಾತಾಡುವಾಗ ವಕಾರನ ಭುಜ ಒಂದಿಷ್ಟು ಮೇಲೇರುತ್ತದೆ, ಹೆಲ್ಮೆಟ್ಟು ಅರ್ಧ ಎಡಕ್ಕೆ ವಾಲುತ್ತದೆ. ನನ್ನ ಹತ್ತಿರ ಮಾತಾಡುವಾಗ ಮುಖ ತೋರಿಸು ಎಂದು ಹಬೀಬ್ ಮೂರು ವರ್ಷದಿಂದ ಹೇಳುತ್ತ ಬಂದಿದ್ದಾನೆ. ವಕಾರ್ ಪ್ರತಿ ಸಲವೂ ಕಿವಿ ಹಿಡಿದುಕೊಂಡು ತಪ್ಪಾಯಿತು ಎನ್ನುತ್ತಾನೆ, ಮತ್ತೆ ಮರೆಯುತ್ತಾನೆ. ಹಬೀಬ್ ಸುಮ್ಮನೆ ಹ್ಞೂಂ ಎಂದ. ಯಾವುದಕ್ಕೆ ಹ್ಞೂಂ ಎಂದೆ ಎಂಬುದು ತನಗೇ ತಿಳಿಯದಿದ್ದರೂ ಗಂಟಲು ಅದರ ಪಾಡಿಗೆ ಅದು ಹ್ಞೂಂ ಎಂದಿತು. ಇಂಥದ್ದೇ ಒಂದು ಹ್ಞೂಂಗೆ ಹೋದ ವರ್ಷ ಅವನ ಸ್ಪ್ಯಾನರ್ ಪೆಟ್ಟಿಗೆ ಕೈಬಿಟ್ಟು ಹೋಗಿತ್ತು. ತುಕ್ಕು ಹಿಡಿಯುತ್ತಿದೆ, ಯಾರಾದರೂ ಉಪಯೋಗಿಸುವವರಿಗೆ ಕೊಟ್ಟುಬಿಡಲೇ ಎಂದು ವಕಾರ್ ಕೇಳಿದ್ದನಂತೆ. ಇವನು ಊಟದ ತಟ್ಟೆ ನೋಡುತ್ತ ತಲೆಯಾಡಿಸಿದ್ದನಂತೆ. ಮರುದಿನ ಯಾರೋ ಅಪರಿಚಿತ ಆ ಕೆಂಪು ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಹೋಗುವುದನ್ನು ಹಬೀಬ್ ಬಾಗಿಲಲ್ಲಿ ನಿಂತು ನೋಡಿದ್ದ. ಬೇಡ ಎಂದು ಕೂಗಬಹುದಿತ್ತು. ಕೂಗಿದರೆ, ತಾನು ಕೇಳಿಸದೆ ತಲೆಯಾಡಿಸಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು. ಬಾಲ್‌ಪೆನ್ನಿನಲ್ಲಿ ದಪ್ಪಗೆ ಬರೆದ ಒಂದು ಕಂಪ್ಯೂಟರ್ ಪ್ರೊಸೆಸರಿನ ಹೆಸರು, ಅದರ ಕೆಳಗೆ ಎರಡು ಗೆರೆ. ಸ್ಕೂಟರ್ ಹಳ್ಳಕ್ಕೆ ಇಳಿದಾಗಲೆಲ್ಲ ಅವನ ಕೈ ಜೇಬಿಗೆ ಹೋಗುತ್ತಿತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ, ಹನ್ನೊಂದು ದಿನದ ಒಂದು ಜ್ವರದಲ್ಲಿ ಅವನ ಕಿವಿ ಹೋಗಿತ್ತು. ನರವೇ ಹೋಗಿದೆ, ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಒಂದು ಹಾಳೆಯ ಮೇಲೆ ಬರೆದು ಅವನ ಮುಂದೆ ಹಿಡಿದಿದ್ದರು. ಅಲ್ಲಿಯತನಕ ಶಿವಾಜಿನಗರದಲ್ಲಿ ಅವನ ಗ್ಯಾರೇಜಿಗೆ ಬೋರ್ಡು ಕೂಡ ಇರಲಿಲ್ಲ, ಬೇಕಾಗಿರಲಿಲ್ಲ. ಬಾನೆಟ್ ಎತ್ತುವ ಮೊದಲೇ, ಗಾಡಿ ಗಲ್ಲಿಗೆ ತಿರುಗುವಾಗಲೇ, ಯಾವ ಬೇರಿಂಗು, ಯಾವ ಬೆಲ್ಟು ಎಂದು ಹೇಳಿಬಿಡುತ್ತಿದ್ದ. ಜ್ವರದ ನಂತರವೂ ನಾಲ್ಕು ತಿಂಗಳು ಗ್ಯಾರೇಜ್ ತೆರೆದ. ಎಂಜಿನ್ನಿನ ಮೇಲೆ ಅಂಗೈ ಇಟ್ಟರೆ ಸಾಕು, ನಡುಕದಲ್ಲೇ ಎಲ್ಲ ತಿಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕೆ.ಆರ್.ಪುರದ ಬೈಲಪ್ಪನವರು ಇಪ್ಪತ್ತು ವರ್ಷದ ಗಿರಾಕಿ. ಅವರ ಕಾರನ್ನು ಹಾಗೆ ಅಂಗೈಯಲ್ಲೇ ನೋಡಿ ಸರಿಯಿದೆ ಎಂದು ಕಳಿಸಿದ. ಹಿಂದಿನ ಚಕ್ರದ ಬೇರಿಂಗು ಒಂದು ವಾರದಿಂದ ಅರಚುತ್ತಿತ್ತಂತೆ, ಬೀದಿಯ ನಾಯಿಗೂ ಕೇಳಿಸುವಷ್ಟು. ಹಳೇ ಮದ್ರಾಸ್ ರಸ್ತೆಯ ನಡುವೆ ಗಾಡಿ ನಿಂತಿತು, ಒಳಗೆ ಅವರ ಹೆಂಡತಿ ಮೊಮ್ಮಗುವನ್ನು ಎತ್ತಿಕೊಂಡು ಕೂತಿದ್ದರು. ಯಾರಿಗೂ ಏನೂ ಆಗಲಿಲ್ಲ. ಬೈಲಪ್ಪನವರು ಬಯ್ಯಲೂ ಇಲ್ಲ. ಅವರು ಬಂದು ಬೆನ್ನು ತಟ್ಟಿ, ನಿಧಾನವಾಗಿ ತುಟಿಯಾಡಿಸಿ, ‘ಇರ್ಲಿ ಬಿಡಿ ಹಬೀಬಣ್ಣ’ ಎಂದು ಹೇಳಿ ಹೋದರು, ಮತ್ತೆ ಬರಲಿಲ್ಲ. ಬಯ್ದಿದ್ದರೆ ಗ್ಯಾರೇಜ್ ಉಳಿಯುತ್ತಿತ್ತೋ ಏನೋ. ಈಗ ವಕಾರನ ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೂತು, ಗಿರಾಕಿ ತಂದ ಹಳೆಯ ತುಂಡನ್ನು ನೋಡಿ ಅಂಥದ್ದೇ ಹೊಸದನ್ನು ಎತ್ತಿಕೊಡುತ್ತಾನೆ. ಅದಕ್ಕೆ ಕಣ್ಣು ಸಾಕು.

ಅಂಗಡಿಯ ಬೇಜಾರನ್ನು ಅವನು ಹೇಗೋ ನುಂಗಿಕೊಂಡಿದ್ದ. ನುಂಗಲಾಗದೆ ಉಳಿದದ್ದು ಮೂರು ವಾರದ ಹಿಂದಿನ ಭಾನುವಾರ. ಮಗಳು ಸಾಮಿಯಾ ಇಂದಿರಾನಗರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಮನೆಯ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ, ಮದುವೆ, ಈದ್, ಮಕ್ಕಳ ಹುಟ್ಟುಹಬ್ಬ, ಫೈಲುಗಳಾಗಿ ಮಾಡಿಸಿ, ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ತುಂಬಿ, ಅದನ್ನೇ ಮನೆಯ ಸರ್ವರ್ ಮಾಡಿದ್ದಳು. ಹಾಲ್‌ನ ಟೀವಿಯಲ್ಲಿ ಬೇಕಾದ್ದನ್ನು ಆರಿಸಿದರೆ ಲ್ಯಾಪ್‌ಟಾಪ್ ಅಲ್ಲಿಗೆ ಕಳಿಸುತ್ತಿತ್ತು. ಅಪ್ಪನಿಗಾಗಿ ಅವಳು ಯಾರಿಗೂ ಹೇಳದೆ ಇನ್ನೊಂದು ಕೆಲಸ ಮಾಡಿದ್ದಳು: ಪ್ರತಿಯೊಂದು ವಿಡಿಯೋದ ಮಾತನ್ನೂ ಕೇಳಿ ಕೇಳಿ ಕನ್ನಡದಲ್ಲಿ ಟೈಪು ಮಾಡಿ ಕೆಳಗೆ ಸಾಲುಗಳಾಗಿ ಕೂರಿಸಿದ್ದಳು. ಆಡುವುದು ಮನೆಯ ದಖ್ಖನಿ ಉರ್ದು, ಅಕ್ಷರ ಮಾತ್ರ ಕನ್ನಡ. ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಓದಿದ ಹಬೀಬನಿಗೆ ಸರಾಗವಾಗಿ ಓದಲು ಬರುತ್ತಿದ್ದದ್ದು ಆ ಅಕ್ಷರ. ಆದರೆ ಟೀವಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರ ಇರಬೇಕಾದ ಕಡೆ ಖಾಲಿ ಚೌಕಗಳ ಸಾಲು. ಹಾಗಾಗಿ ಅಕ್ಷರವನ್ನು ಚಿತ್ರಕ್ಕೇ ಅಂಟಿಸಿ, ವಿಡಿಯೋವನ್ನು ಓಡುತ್ತಿರುವಂತೆಯೇ ಬಿಚ್ಚಿ ಮತ್ತೆ ಕಟ್ಟಿ ಕಳಿಸಬೇಕಾಗಿತ್ತು. ಟ್ರಾನ್ಸ್‌ಕೋಡ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಲ್ಯಾಪ್‌ಟಾಪ್‌ಗೆ ಅದು ಆಗುತ್ತಿರಲಿಲ್ಲ. ಹತ್ತು ಸೆಕೆಂಡು ಓಡಿ ನಿಲ್ಲುತ್ತಿತ್ತು, ನಡುವೆ ಒಂದು ಬಿಳಿ ಚಕ್ರ ಸುತ್ತುತ್ತಿತ್ತು. ಆ ಭಾನುವಾರ ಮನೆ ತುಂಬ ಜನ. ಸುತ್ತುವ ಚಕ್ರವನ್ನು ಎಲ್ಲರೂ ಎಷ್ಟು ಹೊತ್ತು ನೋಡುತ್ತಾರೆ? ಆಗ ವಕಾರನ ಬಾಯಿ ಆಡಿದ್ದನ್ನು ಹಬೀಬ್ ಓದಿದ. ‘ಆ ಅಕ್ಷರ ತೆಗೆದ್ಬಿಡು ಸಾಮಿಯಾ, ಓಡುತ್ತೆ. ಭಾಯ್ ಹೇಗೂ ಚಿತ್ರ ನೋಡ್ತಾರಲ್ಲ.’

ಮಗಳು ಅವನ ಕಡೆ ನೋಡಿದಳು. ತೆಗಿ, ಪರವಾಗಿಲ್ಲ ಎಂದು ಅವನೇ ಹೇಳಿದ. ಅಕ್ಷರ ತೆಗೆದ ಕೂಡಲೇ ಚಿತ್ರ ನೀರಿನಂತೆ ಹರಿಯಿತು. ಎಲ್ಲರ ಭುಜ ಒಟ್ಟಿಗೆ ಸಡಿಲವಾದದ್ದು, ಚಹಾದ ಲೋಟಗಳು ಮತ್ತೆ ಬಾಯಿಗೆ ಹೋದದ್ದು ಅವನಿಗೆ ಕಾಣಿಸಿತು. ತೊಡಕಾಗಿದ್ದದ್ದು ತಾನು. ಎಲ್ಲರೂ ನಕ್ಕಾಗ ಮುಖಗಳನ್ನು ನೋಡಿ ಅವನೂ ನಕ್ಕ, ಆದರೆ ಅಷ್ಟು ಹೊತ್ತಿಗೆ ಅವರದು ಮುಗಿದಿತ್ತು. ಖಾಲಿ ಹಾಲಿನಲ್ಲಿ ನಕ್ಕಂತೆ ಅವನ ನಗೆ ಒಂದೇ ಉಳಿಯಿತು. ಹೆಂಡತಿ ಶಮೀಮ್ ಟೀವಿಯನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಎಲ್ಲಕ್ಕಿಂತ ಸಹಿಸಲಾಗದ್ದು ಅದು.

ಮರುದಿನ ಬೆಳಗ್ಗೆ ಕೌಂಟರಿನ ಹಿಂದೆ ಕೂತು, ಅಕ್ಷರ ಸಮೇತ ವಿಡಿಯೋ ಓಡಿಸಬಲ್ಲ ಮಿಷನ್ ಕಟ್ಟುವುದು ಹೇಗೆ ಎಂದು ಫೋನಿನಲ್ಲಿ ಓದಲು ಶುರುಮಾಡಿದ. ಅವನ ಇಂಗ್ಲಿಷ್ ಗಾಡಿಗಳ ಮ್ಯಾನ್ಯುಯಲ್ ಓದಿ ಕಲಿತ ಇಂಗ್ಲಿಷ್. ಒಂದು ಪುಟಕ್ಕೆ ಅರ್ಧ ಗಂಟೆ ಬೇಕಾಗುತ್ತಿತ್ತು. ಆದರೆ ಮನೆಯಲ್ಲಿ ಸರ್ವರ್ ಕಟ್ಟುವವರು ಜಗತ್ತಿನ ಎಲ್ಲೆಲ್ಲಿಂದಲೋ ಬಂದು ಬರೆಯುವ ಆ ಪುಟಗಳಲ್ಲಿ ಯಾರ ಬಾಯಿಯನ್ನೂ ದಿಟ್ಟಿಸಬೇಕಾಗಿರಲಿಲ್ಲ. ಅಲ್ಲಿ ಎಲ್ಲರೂ ಬರೆಯುವವರು, ಎಲ್ಲರೂ ಓದುವವರು. ಆರನೆಯ ದಿನ ಧೈರ್ಯ ಮಾಡಿ ಪ್ರಶ್ನೆ ಕೇಳಿದ. ಯಾರೋ ಒಬ್ಬ, ಅಕ್ಷರ ಅಂಟಿಸುವುದೇ ನಿಜವಾದ ಭಾರ, ಅದನ್ನು ಬಿಟ್ಟರೆ ಯಾವ ಪ್ರೊಸೆಸರ್ ಆದರೂ ನಡೆಯುತ್ತದೆ, ಬಿಡಬಹುದೇ ಎಂದು ಬರೆದ. ಹಬೀಬ್ ಬಹಳ ಹೊತ್ತು ಯೋಚಿಸಿ, ಬಿಡಲಾಗುವುದಿಲ್ಲ, ಅಕ್ಷರ ಬೇಕಾಗಿರುವುದು ನನಗೆ, ನನಗೆ ಕಿವಿ ಕೇಳುವುದಿಲ್ಲ ಎಂದು ಬರೆದ. ಕಳಿಸಿದ ಮೇಲೆ ಕನಿಕರದ ಮಾತು ಬರುತ್ತದೆ ಎಂದು ಕಾದ. ಬಂದದ್ದು ಒಂದೇ ಸಾಲು: ಹಾಗಾದರೆ ಅದಕ್ಕೆ ತಕ್ಕಂತೆಯೇ ಕಟ್ಟಿ. ಅದರ ಕೆಳಗೆ ಓದಲು ನಾಲ್ಕು ಕೊಂಡಿಗಳು. ಆ ಸಾಲನ್ನು ಅವನು ದಿನಕ್ಕೆ ಎಷ್ಟು ಸಲ ತೆರೆದು ನೋಡಿದನೋ.

ನೋಡುತ್ತ ಹೋದಂತೆ ಒಂದು ಸಂಗತಿ ನಿಚ್ಚಳವಾಯಿತು. ಎಲ್ಲರೂ ಪ್ರೊಸೆಸರಿನೊಳಗೆ ದುಡಿಯುವ ಕೋರ್‌ಗಳ ಎಣಿಕೆಯನ್ನು ಹೇಳುತ್ತಾರೆ, ಎಂಟು, ಹನ್ನೆರಡು, ಹದಿನಾರು. ಅದು ಬಾವಿಯಿಂದ ನೀರೆತ್ತಲು ಆಳುಗಳನ್ನು ನಿಲ್ಲಿಸಿದಂತೆ. ಕೆಲವು ಪ್ರೊಸೆಸರ್‌ಗಳ ಹೊಟ್ಟೆಯೊಳಗೇ ವಿಡಿಯೋ ಬಿಚ್ಚಿ ಕಟ್ಟುವುದಕ್ಕೆಂದು ಒಂದು ಪುಟ್ಟ ಭಾಗ ಇರುತ್ತದೆ. ಅದು ಬಾವಿಗೆ ಇಳಿಸಿದ ಮೋಟಾರು. ಅದಿದ್ದರೆ ನಾಲ್ಕು ಆಳು ಸಾಕು, ಅವರು ಅಕ್ಷರ ಬರೆದುಕೊಟ್ಟರೆ ಉಳಿದದ್ದನ್ನು ಮೋಟಾರು ನೋಡಿಕೊಳ್ಳುತ್ತದೆ. ಅದೇ ಹೆಸರಿನ, ಅದೇ ಸಂಖ್ಯೆಯ ಇನ್ನೊಂದು ಪ್ರೊಸೆಸರ್ ಇರುತ್ತದೆ, ಕೊನೆಯಲ್ಲಿ ಎಫ್ ಎಂಬ ಒಂದೇ ಅಕ್ಷರ ಹೆಚ್ಚು. ಆ ಎಫ್ ಇದ್ದರೆ ಮೋಟಾರು ಇಲ್ಲ. ನೋಡುವುದಕ್ಕೆ ಎರಡೂ ಒಂದೇ.

ಕಮ್ಮನಹಳ್ಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಶ್ರೀನಾಥ್ ಎಂಬ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡವನು ನಗುತ್ತ ಬಂದ, ನೇರವಾಗಿ ವಕಾರನ ಮುಖ ನೋಡಿ ಮಾತು ಶುರುಮಾಡಿದ. ಹಬೀಬ್ ಫೋನನ್ನು ಕೌಂಟರಿನ ಮೇಲಿಟ್ಟು, ಮಾತನ್ನು ಅಕ್ಷರ ಮಾಡುವ ಆ್ಯಪ್ ತೆರೆದ. ಪರದೆಯ ಮೇಲೆ ಸಾಲುಗಳು ಮೂಡತೊಡಗಿದವು. ‘ಇವ್ರಿಗೆ ಕಿವಿ ಕೇಳ್ಸಲ್ಲ ವಿಡಿಯೋ ನೋಡಕ್ಕೆ ಒಂದ್ ಒಳ್ಳೆ ಸಿಸ್ಟಮ್ ಕೊಡಿ.’ ಅದು ವಕಾರ್. ಮೊದಲ ಮಾತೇ ಅದು. ಪಾಪ, ಕೆಟ್ಟ ಮನಸ್ಸಿನ ಮಾತಲ್ಲ, ಆದರೂ ಎಲ್ಲ ಅಂಗಡಿಗಳಲ್ಲೂ ಎಲ್ಲ ಆಸ್ಪತ್ರೆಗಳಲ್ಲೂ ಅವನಿಗಿಂತ ಮೊದಲು ಒಳಗೆ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಆ ಮಾತು. ಶ್ರೀನಾಥ್ ಒಂದು ದೊಡ್ಡ ಪೆಟ್ಟಿಗೆ ಇಳಿಸಿದ. ಪರದೆಯ ಮೇಲೆ ಬಂತು: ‘ಟಾಪ್ ಮಾಡೆಲ್ ಸಾರ್ ಹನ್ನೆರಡು ಕೋಳಿ ಇದೆ.’

ಹಬೀಬನಿಗೆ ನಗು ತಡೆಯಲಾಗಲಿಲ್ಲ. ಶ್ರೀನಾಥ್ ಗಾಬರಿಯಾಗಿ ಫೋನಿನ ಕಡೆ ಬಗ್ಗಿ ನೋಡಿ, ತಾನೂ ನಕ್ಕು, ಬಾಯಿ ಅಗಲಿಸಿ ‘ಕೋರ್, ಸಾರ್, ಕೋರ್’ ಎಂದ. ಅಷ್ಟರಲ್ಲಿ ವಕಾರ್ ಪೆಟ್ಟಿಗೆಯ ಮೇಲೆ ಕೈಯಿಟ್ಟಾಗಿತ್ತು. ಈ ಸಲ ಅಣ್ಣನ ಕಡೆ ಸರಿಯಾಗಿ ತಿರುಗಿ ಹೇಳಿದ. ‘ಇದೇ ತಗೊಳ್ಳಿ ಭಾಯ್. ನಾನ್ ಕೊಡಿಸ್ತೀನಿ. ನನ್ ಕಡೆಯಿಂದ.’

ಆ ಮುಖದಲ್ಲಿ ಭಾನುವಾರ ಇತ್ತು. ತಮ್ಮನೂ ಮೂರು ವಾರದಿಂದ ಅದನ್ನು ಹೊತ್ತು ತಿರುಗುತ್ತಿದ್ದಾನೆ, ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ಕೊಡಿಸಿ ಇಳಿಸಿಬಿಡಬೇಕೆಂದಿದ್ದಾನೆ ಎಂಬುದು ಹಬೀಬನಿಗೆ ಆಗ ಹೊಳೆಯಿತು. ಹ್ಞೂಂ ಎಂದುಬಿಟ್ಟರೆ ಇಬ್ಬರೂ ಹಗುರಾಗುತ್ತಾರೆ. ಗಂಟಲಿಗೆ ಅದು ಬಂದೂ ಬಂದಿತ್ತು. ಅವನು ಪೆಟ್ಟಿಗೆಯನ್ನು ತಿರುಗಿಸಿ, ಹೆಸರಿನ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟ.

“ಇದು ಬೇಡ. ಎಫ್ ಇದೆ.”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ದನಿ ಜೋರಾಗಿರಬೇಕು. ಶಮೀಮ್ ಇದ್ದಿದ್ದರೆ ಅಂಗೈಯನ್ನು ಕೆಳಗೆ ಒತ್ತಿ ಸನ್ನೆ ಮಾಡುತ್ತಿದ್ದಳು. ಇಂದು ಅವನು ತಗ್ಗಿಸಲಿಲ್ಲ. ಅದಕ್ಕೇ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೇವಲ್ಲ ಎಂದು ಶ್ರೀನಾಥನ ಸಾಲು ಮೂಡಿತು.

“ಕಾರ್ಡ್ ಹಾಕಿದ್ರೆ ಅದಕ್ಕೊಂದು ಫ್ಯಾನು, ಅದಕ್ಕೊಂದಿಷ್ಟು ಬಿಸಿ. ನನ್ ಮಿಷನ್ನು ದಿನ ಇಡೀ ಆನ್ ಇರ್ಬೇಕು, ಟೀವಿ ಪಕ್ಕದಲ್ಲಿ. ಗೇಮ್ ಆಡೋರು ಯಾರೂ ಇಲ್ಲ. ವಿಡಿಯೋ ಬಿಚ್ಚಿ, ಅಕ್ಷರ ಅಂಟಿಸಿ, ಕಟ್ಟಿ ಕಳಿಸ್ಬೇಕು, ಅಷ್ಟೇ.” ಅವನು ಚೀಟಿ ತೆಗೆದು ಮುಂದಿಟ್ಟ. “ಇದು ಕೊಡಿ.”

‘ಸಾರ್ ಇದು ಐ ತ್ರೀ ಚಿಕ್ಕದು ನಾಲ್ಕೇ ಕೋರ್ ಸಾಕಾಗಲ್ಲ.’

“ಸಾಕಾಗುತ್ತೆ.”

ಶ್ರೀನಾಥ್ ವಕಾರನ ಕಡೆ ನೋಡಿದ. ಏನು ಮಾಡಲಿ ಎಂಬ ನೋಟ. ವಕಾರ್ ಅಣ್ಣನ ಕಡೆ ನೋಡಿ, ‘ಅವ್ರು ಹೇಳಿದ್ ಕೊಡಿ’ ಎಂದ. ಶ್ರೀನಾಥ್ ಒಳಗೆ ಹೋಗಿ ಒಂದು ಚಿಕ್ಕ ನೀಲಿ ಪೆಟ್ಟಿಗೆ ತಂದ. ಹಬೀಬ್ ಅದನ್ನು ಬೆಳಕಿಗೆ ಹಿಡಿದ. ಸಂಖ್ಯೆ ಅದೇ, ಕೊನೆಯಲ್ಲಿ ಎಫ್.

“ಇದಲ್ಲ.”

‘ಎರಡೂ ಸೇಮ್ ಸಾರ್ ಎಲ್ರೂ ಇದೇ ತಗೊಂಡ್ ಹೋಗೋದು.’

“ಸೇಮ್ ಅಲ್ಲ ರೀ. ಇದ್ರೊಳಗೆ ನಂಗೆ ಬೇಕಾಗಿರೋದೇ ಇಲ್ಲ.” ಮೋಸ ಮಾಡುವ ಮುಖವಲ್ಲ ಅದು, ಗೊತ್ತಿಲ್ಲದ ಮುಖ. ಗ್ಯಾರೇಜಿನಲ್ಲಿ ಹೊಸ ಮೆಕ್ಯಾನಿಕ್‌ಗಳಿಗೆ ಹೇಳುತ್ತಿದ್ದ ಹಾಗೆ ಹಬೀಬ್ ನಿಧಾನವಾಗಿ ಹೇಳಿದ, ಬಾವಿ, ಆಳು, ಮೋಟಾರು, ಕನ್ನಡ ಬಾರದ ಟೀವಿ, ಎಲ್ಲ. ಹೇಳುತ್ತಿರುವಾಗಲೇ ಅವನಿಗೆ ಆಶ್ಚರ್ಯವಾಯಿತು. ಎದುರಿನ ಇಬ್ಬರೂ ಸುಮ್ಮನೆ ಕೇಳುತ್ತಿದ್ದರು. ಮೂರು ವರ್ಷದಲ್ಲಿ ಅವನು ಇಷ್ಟು ಉದ್ದಕ್ಕೆ ಮಾತಾಡಿರಲಿಲ್ಲ, ಯಾರೂ ಅವನಿಂದ ಏನನ್ನೂ ಕೇಳಿ ತಿಳಿದುಕೊಂಡಿರಲಿಲ್ಲ. ಶ್ರೀನಾಥ್ ಗೋಡೌನಿಗೆ ಹೋದವನು ಬಹಳ ಹೊತ್ತಾದ ಮೇಲೆ ಧೂಳು ಕೂತ ಒಂದು ಪೆಟ್ಟಿಗೆಯನ್ನು ತೋಳಿನಿಂದ ಒರೆಸುತ್ತ ಬಂದ. ಕೊನೆಯಲ್ಲಿ ಏನೂ ಇರಲಿಲ್ಲ. ಬರಿಯ ಸಂಖ್ಯೆ. ಅದನ್ನು ಅವನು ವಕಾರನ ಕೈಗೆ ಕೊಡದೆ ಹಬೀಬನ ಕೈಗೆ ಕೊಟ್ಟ, ಮುಖವನ್ನು ಫೋನಿನಿಂದ ಎತ್ತಿ, ಓದಿಕೊಳ್ಳಲು ಆಗುವಷ್ಟು ನಿಧಾನವಾಗಿ ಕೇಳಿದ. ‘ಸಾರ್, ಈ ಸೆಟ್ಟಿಂಗಿಗೆ ಮೆಮೊರಿ ಎಷ್ಟ್ ಹಾಕ್ಬೇಕು? ನಂಗೂ ಬರ್ಕೊಳಕ್ಕೆ ಬೇಕು.’

ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟು ಹಾಸಿ, ಕೊಂಡು ತಂದ ಬಿಡಿಭಾಗಗಳನ್ನೆಲ್ಲ ಬಿಚ್ಚಿ ಹರವಿದ. ಮಗಳು ಮಾಡುತ್ತೇನೆಂದಳು, ಬೇಡವೆಂದ. ಬಿಸ್ಕತ್ತಿಗಿಂತ ಚಿಕ್ಕದಾದ ಆ ಪ್ರೊಸೆಸರಿನ ಚೌಕವನ್ನು ಎರಡು ಬೆರಳಲ್ಲಿ ಅಂಚು ಹಿಡಿದು, ಮೂಲೆಯ ತ್ರಿಕೋನದ ಗುರುತಿಗೆ ಗುರುತು ಸೇರಿಸಿ ಮದರ್‌ಬೋರ್ಡಿನ ಮೇಲೆ ಬಿಟ್ಟ. ಒತ್ತಬಾರದು, ತನ್ನ ಭಾರಕ್ಕೆ ತಾನೇ ಕೂರಬೇಕು. ಕೂತಿತು. ಆಮೇಲೆ ಸನ್ನೆಕೋಲಿನಂಥ ಒಂದು ತಂತಿಯನ್ನು ಬಲ ಹಾಕಿ ಕೆಳಗಿಳಿಸಬೇಕು. ಇಳಿಸುವಾಗ ಶಮೀಮಳ ಮುಖ ಹಿಂಡಿದಂತಾಯಿತು, ಸಾಮಿಯಾ ಕೈ ಮುಂದೆ ಚಾಚಿದಳು. ‘ಅಬ್ಬಾ, ಮುರೀತಿದೆ!’ ಅವರಿಗೆ ಏನೋ ಕಿರುಗುಟ್ಟಿದ್ದು ಕೇಳಿಸಿರಬೇಕು. ಅವನ ಹೆಬ್ಬೆರಳಿಗೆ ಮಾತ್ರ ಕಬ್ಬಿಣ ಹದವಾಗಿ ಬಾಗುತ್ತಿರುವುದು, ಇನ್ನೊಂದು ಕೂದಲೆಳೆ ಬಾಕಿಯಿರುವುದು ತಿಳಿಯುತ್ತಿತ್ತು. “ಮುರೀತಿಲ್ಲ,” ಎಂದು ಒತ್ತಿ, ಕೊಂಡಿಗೆ ಸಿಕ್ಕಿಸಿದ. ಯಾರ ಸಲಹೆಯೂ ಇಲ್ಲದೆ ಅವನ ಕೈಗಳು ತಂತಿ, ಫ್ಯಾನು, ಡಿಸ್ಕು ಎಂದು ಒಂದೊಂದಾಗಿ ಹುಡುಕಿಕೊಂಡು ಹೋದವು. ಈ ಕೈಗಳು ಎಲ್ಲಿ ಹೋಗಿದ್ದವು ಇಷ್ಟು ದಿನ ಎಂದು ಅವನೇ ನೋಡುತ್ತ ಕೂತ.

ಸಾಮಿಯಾ ಫೈಲುಗಳನ್ನು ಹೊಸ ಮಿಷನ್ನಿಗೆ ತುಂಬಿದಳು. ಟೀವಿ ಹಾಕಿದರು. ಅಕ್ಷರ ಬಂತು. ಹತ್ತು ಸೆಕೆಂಡು ಓಡಿತು. ನಿಂತಿತು. ಬಿಳಿ ಚಕ್ರ.

ವಕಾರನ ಬಾಯಿ ತೆರೆದು ಮುಚ್ಚಿತು. ದೊಡ್ಡದನ್ನೇ ತರಬೇಕಿತ್ತು ಎಂದು ಆ ಬಾಯಿ ಹೇಳಲಿಲ್ಲ, ಹಬೀಬನ ತಲೆಯೊಳಗೆ ಹೇಳಿತು. ಅಂಗೈ ಇಟ್ಟು ಸರಿಯಿದೆ ಎಂದವನು ನೀನು, ಹಳೇ ಮದ್ರಾಸ್ ರಸ್ತೆಯ ನಡುವೆ ಹೆಂಗಸನ್ನೂ ಮಗುವನ್ನೂ ನಿಲ್ಲಿಸಿದವನು ನೀನು. ಅವನಿಗೆ ಎದ್ದು ಒಳಗೆ ಹೋಗಿ ಮಲಗಿಬಿಡಬೇಕೆನಿಸಿತು. ಏಳಲೂ ಹೊರಟ. ಆದರೆ ಈ ಗಾಡಿಯ ತೊಂದರೆ ಕಿವಿಯಲ್ಲಿ ಹಿಡಿಯುವಂಥದ್ದಲ್ಲ, ಯಾರಿಗಾದರೂ ಇದು ಕಣ್ಣಿನ ಕೆಲಸವೇ. ಅವನು ಲ್ಯಾಪ್‌ಟಾಪ್ ಎಳೆದುಕೊಂಡು ಸರ್ವರಿನ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ಪಟ್ಟಿ ತೆರೆದ. ನಾಲ್ಕೂ ಕೋರ್‌ಗಳು ನೂರಕ್ಕೆ ನೂರು. ವಿಡಿಯೋ ಭಾಗ, ಸೊನ್ನೆ.

ಸೊನ್ನೆ. ಮೋಟಾರು ಇದೆ, ಸ್ವಿಚ್ಚು ಹಾಕಿಲ್ಲ.

“ಸಾಮಿಯಾ, ಸೆಟ್ಟಿಂಗ್ಸ್ ತೆಗಿ. ಹಾರ್ಡ್‌ವೇರ್ ಅಂತ ಒಂದ್ ಕಡೆ ಇರುತ್ತೆ ನೋಡು, ಅಲ್ಲಿ ‘ಬೇಡ’ ಅಂತ ಇದೆಯಾ?” ಇತ್ತು. ಬದಲಾಯಿಸಿ ಮತ್ತೆ ಶುರುಮಾಡಿದರು. ಕೋರ್‌ಗಳ ಗೆರೆಗಳು ನಾಲ್ಕೂ ಒಟ್ಟಿಗೆ ಕುಸಿದು ತಳದಲ್ಲಿ ಮಲಗಿದವು. ಟೀವಿಯಲ್ಲಿ ಅಕ್ಷರ ಹೊತ್ತ ಚಿತ್ರ ಹತ್ತು ಸೆಕೆಂಡು ದಾಟಿತು, ಒಂದು ನಿಮಿಷ ದಾಟಿತು. ಸಾಮಿಯಾ ತನ್ನ ಫೋನಿನಲ್ಲೂ ಅದನ್ನೇ ಹಾಕಿದಳು, ವಕಾರ್ ತನ್ನದರಲ್ಲಿ, ಶಮೀಮ್ ತನ್ನದರಲ್ಲಿ. ನಾಲ್ಕು ಕಡೆ ಒಟ್ಟಿಗೆ, ಎಲ್ಲೂ ನಿಲ್ಲಲಿಲ್ಲ. ಹಬೀಬ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಉಗುರುಬೆಚ್ಚಗಿತ್ತು, ನಡುಕವೇ ಇಲ್ಲ. “ನೋಡಿ, ನಾಲ್ಕೇ ಕೋಳಿ,” ಎಂದ. ಅರ್ಥವಾದ ವಕಾರ್ ಅಣ್ಣನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿಬಿಟ್ಟ.

ಮರುದಿನ ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಹಾಲಿನಲ್ಲಿ ಕೂತರು. ವಕಾರನ ಹೆಂಡತಿ ನಾಜಿಶ್, ಅವರ ಮಕ್ಕಳು, ಮೇಲಿನ ಮನೆಯವರು. ಹಾಕಿದ್ದು ವಕಾರನ ವಲೀಮಾದ, ಅಂದರೆ ಮದುವೆಯ ಔತಣದ, ವಿಡಿಯೋ, ಇಪ್ಪತ್ತೆರಡು ವರ್ಷದ ಹಿಂದಿನದು, ಇದೇ ಪುಲಿಕೇಶಿನಗರದ ಮನೆಯ ಹಿತ್ತಲಿನಲ್ಲಿ ಶಾಮಿಯಾನ ಹಾಕಿ ಮಾಡಿದ್ದು. ಕನ್ನಡದ ಬಿಳಿ ಅಕ್ಷರಗಳು ಚಿತ್ರದ ಬುಡದಲ್ಲಿ ನೆಟ್ಟಗೆ ನಿಂತು ಬಂದುಹೋಗುತ್ತಿದ್ದವು. ಬಿರಿಯಾನಿಯ ದೇಗ್ ಹಂಡೆ ಹೊತ್ತವನು ಕಾಲು ಜಾರಿ ಬಯ್ದ ಬೈಗುಳವನ್ನು ಸಾಮಿಯಾ ಚುಕ್ಕಿ ಹಾಕಿ ಅರ್ಧ ಬರೆದಿದ್ದಳು. ಹಬೀಬ್ ನಕ್ಕ, ಸುತ್ತಲೂ ಎಲ್ಲರ ಬಾಯಿ ತೆರೆದಿತ್ತು. ಯಾರ ಮುಖವನ್ನೂ ನೋಡದೆ ನಕ್ಕದ್ದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಚಿತ್ರದೊಳಗೆ ಅಮ್ಮಿ, ಅಣ್ಣತಮ್ಮಂದಿರ ತಾಯಿ, ಬಂದಳು. ತೀರಿಕೊಂಡು ಒಂಬತ್ತು ವರ್ಷ. ಒಲೆಯ ಹೊಗೆಯಿಂದ ಹೊರಗೆ ಬಂದು, ಸೆರಗಿನಿಂದ ಹಣೆ ಒರೆಸಿಕೊಂಡು, ಕ್ಯಾಮೆರಾ ನೋಡಿ ಏನೋ ಹೇಳಿದಳು. ಬುಡದಲ್ಲಿ ಸಾಮಿಯಾ ಬರೆದಿದ್ದಳು: ಜನರೇಟರ್ ಸದ್ದು, ಕೇಳಿಸುತ್ತಿಲ್ಲ. ವಕಾರ್ ಕೈ ಬೀಸಿದ. ‘ಇಲ್ಲಿ ಏನೂ ಕೇಳ್ಸಲ್ಲ, ಮೊದಲಿಂದ್ಲೂ ಹೀಗೇ. ಮುಂದಕ್ಕೆ ಓಡ್ಸು.’

ಹಬೀಬನಿಗೆ ಜನರೇಟರ್ ಇರಲಿಲ್ಲ. ಅಮ್ಮಿ ಬದುಕಿದ್ದಾಗ ಅವನು ಅವಳ ತುಟಿಗಳನ್ನು ನೋಡಿಯೇ ಇರಲಿಲ್ಲ. ಬೆನ್ನು ಹಾಕಿ, ಗಾಡಿಯ ಕೆಳಗೆ ಮಲಗಿ, ಪಕ್ಕದ ಕೋಣೆಯಿಂದ ಕೇಳಿಸಿಕೊಂಡು ಬದುಕಿದ್ದ. ಇತ್ತೀಚೆಗೆ ಅವಳ ದನಿ ನೆನಪಿಗೆ ಬರುತ್ತಿಲ್ಲವೆಂದು ಒಳಗೊಳಗೇ ಹೆದರಿ ಯಾರಿಗೂ ಹೇಳಿರಲಿಲ್ಲ. ಈಗ ಆ ತುಟಿಗಳು ತೆರೆದ ಪುಸ್ತಕದ ಹಾಗೆ ಅವನ ಎದುರಿಗಿದ್ದವು.

“ನಿಲ್ಸು. ಹಿಂದಕ್ಕೆ ತಗೋ.”

ಸಾಮಿಯಾ ಹಿಂದಕ್ಕೆ ತಂದಳು. ಅವನು ಟೀವಿಯ ಹತ್ತಿರ ನೆಲದ ಮೇಲೆ ಕೂತು ನೋಡಿದ. ಇನ್ನೊಂದು ಸಲ ಎಂದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಏನು ಬೇಕಾದರೂ ಹೇಳಬಹುದಿತ್ತು, ಒರೆಗೆ ಹಚ್ಚುವವರು ಯಾರೂ ಇರಲಿಲ್ಲ. ಆಶೀರ್ವಾದ ಮಾಡಿದಳು ಎಂದರೆ ವಕಾರ್ ಅತ್ತೇಬಿಡುತ್ತಿದ್ದ. ಹಬೀಬ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“‘ಕ್ಯಾಮೆರಾ ಆಚೆ ತಿರುಗ್ಸೋ ಹಾಳಾದವನೇ. ನನ್ ಹಲ್ಲಿನ ಸೆಟ್ಟು ಒಳಗೆ ಬಿಟ್ಟು ಬಂದಿದೀನಿ.’”

ಶಮೀಮ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ‘ಹೌದು! ಹೌದು ರೀ! ಅವತ್ತು ಮನೆಯೆಲ್ಲ ಹುಡುಕಿದ್ದು ನಾನೇ, ನಮಾಜಿನ ಚಾಪೆ ಪಕ್ಕದಲ್ಲಿತ್ತು!’ ಇಡೀ ಹಾಲ್ ನಗೆಯಲ್ಲಿ ಕುಲುಕಿತು. ನಾಜಿಶ್ ಕಣ್ಣೊರೆಸಿಕೊಂಡಳು, ಮಕ್ಕಳು ದಿಂಬಿನ ಮೇಲೆ ಬಿದ್ದು ಹೊರಳಿದರು. ವಕಾರ್ ಸೋಫಾದಿಂದ ಜಾರಿ ಅಣ್ಣನ ಪಕ್ಕಕ್ಕೆ ಬಂದು ಅವನ ತೋಳು ಹಿಡಿದು ಎಳೆಯತೊಡಗಿದ. ‘ಆಮೇಲೆ ಭಾಯ್? ಆಮೇಲೇನಂತಾಳೆ? ಯಾರ್ ಹತ್ರ ಮಾತಾಡ್ತಿದಾಳೆ?’ ಸಾಮಿಯಾ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು, ಅಪ್ಪನ ಬಾಯಿಯನ್ನೇ ದಿಟ್ಟಿಸುತ್ತ ಕಾದಳು. ಇಪ್ಪತ್ತೆರಡು ವರ್ಷ ಯಾರಿಗೂ ಕೇಳಿಸದಿದ್ದ ಅಮ್ಮಿ ಹೊಗೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

ಹಬೀಬ್ ಪರದೆಯಿಂದ ಕಣ್ಣು ತೆಗೆಯದೆ ಕೈ ಎತ್ತಿ ಎಲ್ಲರನ್ನೂ ತಡೆದ.

“ತಡೀರಿ. ಅಮ್ಮಿ ಇನ್ನೂ ಮುಗಿಸಿಲ್ಲ.”